ಸೋಲೋ ಶುರುವಾಗುವ ಮುನ್ನ ಹಾಡು ಎಲ್ಲಿತ್ತು?

ಡೇವಿಡ್ ಗಿಲ್ಮೋರ್, ಜಿಮ್ಮಿ ಪೇಜ್, ಎಡ್ಡಿ ವ್ಯಾನ್ ಹೇಲನ್ ಈ ಮೂವರಲ್ಲಿ ಯಾರು ಶ್ರೇಷ್ಠ ಲೀಡ್ ಗಿಟಾರಿಸ್ಟ್, ಮಂಡ್ಯದ ನಿಮ್ಮ ಕಾಲೇಜು ಬ್ಯಾಂಡಿನ ಪ್ರತಿ ಹಾಡಿನಲ್ಲೂ ಸೋಲೋ, ಅಂದರೆ ಗಾಯನ ನಿಂತು ಗಿಟಾರ್ ಒಂದೇ ಮುಂದೆ ಬಂದು ನುಡಿಯುವ ಭಾಗ, ಇರಲೇಬೇಕೇ ಎಂದು ಕೇಳಿದ್ದೀರಿ. ನಾನು ಮೈಸೂರಿನಲ್ಲಿ ಗಿಟಾರ್ ಹೇಳಿಕೊಡುತ್ತೇನೆ. ಕಲಿಯಲು ಬರುವ ಹುಡುಗರಲ್ಲಿ ಹೆಚ್ಚಿನವರು ಹಾಡಿನ ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು) ಕೈಗೆ ಕೂರುವ ಮೊದಲೇ ಅದರ ಸೋಲೋ ಕಲಿಸಿ ಎಂದು ಕೇಳುವುದರಿಂದ, ನಿಮ್ಮ ಪ್ರಶ್ನೆ ನನಗೆ ಬಹಳ ಮುಖ್ಯವಾದುದು. ಬೆರಳಿನ ವೇಗವನ್ನೇ ಅಳತೆಗೋಲು ಮಾಡಿಕೊಂಡರೆ ಎರಡೂ ಪ್ರಶ್ನೆಗಳಿಗೆ ಉತ್ತರ ತಪ್ಪುತ್ತದೆ. ಸೋಲೋ ಶುರುವಾಗುವ ಮುನ್ನ ಹಾಡು ಎಲ್ಲಿತ್ತು, ಅದು ಮುಗಿದಾಗ ಎಲ್ಲಿಗೆ ತಲುಪಿತು ಎಂಬುದನ್ನು ಕಿವಿಗೊಟ್ಟು ಕೇಳಬೇಕು.

ಗಿಲ್ಮೋರ್ ಅವರ ತಂಡ ಪಿಂಕ್ ಫ್ಲಾಯ್ಡ್ 1979ರಲ್ಲಿ ಹೊರತಂದ ‘ದಿ ವಾಲ್’ ಆಲ್ಬಮ್‌ನ ‘ಕಂಫರ್ಟಬ್ಲಿ ನಂಬ್’ ಹಾಡನ್ನೇ ನೋಡಿ. ಅದರ ಚರಣಗಳನ್ನು ತಂಡದ ರೋಜರ್ ವಾಟರ್ಸ್ ಬಿ ಮೈನರ್ ಎಂಬ ಮಂಕು ಛಾಯೆಯ ಸ್ವರಶ್ರೇಣಿಯಲ್ಲಿ ಹಾಡುತ್ತಾರೆ, ಪಲ್ಲವಿಯನ್ನು ಗಿಲ್ಮೋರ್ ಡಿ ಮೇಜರ್ ಎಂಬ ಬೆಳಕಿನ ಛಾಯೆಯ ಶ್ರೇಣಿಯಲ್ಲಿ ಹಾಡುತ್ತಾರೆ. ಹಾಡಿನ ನಡುವೆ ಬರುವ ಮೊದಲ ಸೋಲೋ ಪಲ್ಲವಿಯ ಕಾರ್ಡ್‌ಗಳ ಮೇಲೆ ನಿಂತಿದೆ. ಚಿಕ್ಕದು, ಹಾಡಲು ಬರುವಂಥದ್ದು. ಎರಡನೆಯದು ಕೊನೆಯಲ್ಲಿ, ಚರಣದ ಬಿ ಮೈನರ್ ಕಾರ್ಡ್‌ಗಳ ಮೇಲೆ ಹೊರಡುತ್ತದೆ. ತನಗೆ ಯಾವ ಭಾವವೂ ತಟ್ಟುತ್ತಿಲ್ಲ ಎಂದು ಹೇಳಿ ಹಾಡುವ ದನಿ ನಿಂತುಹೋದ ಮೇಲೆ, ಆ ಮನುಷ್ಯ ಹೇಳಲಾರದೆ ಉಳಿದದ್ದನ್ನೆಲ್ಲ ಗಿಟಾರ್ ಎತ್ತಿಕೊಳ್ಳುತ್ತದೆ. ಇಲ್ಲಿ ಸ್ವರಗಳು ಬಹಳವೇನಿಲ್ಲ. ತಂತಿಯನ್ನು ಫ್ರೆಟ್‌ನ (ಗಿಟಾರಿನ ಕತ್ತಿನ ಮೇಲಿನ ಲೋಹದ ಪಟ್ಟಿಯ) ಮೇಲೆ ಅಡ್ಡಕ್ಕೆ ಎಳೆದು ಸ್ವರವನ್ನು ನಿಧಾನವಾಗಿ ಏರಿಸಿ, ತುದಿಯಲ್ಲಿ ನಿಲ್ಲಿಸಿ, ಅಲ್ಲಿಯೇ ಕಂಪಿಸುವಂತೆ ಮಾಡುವುದರಲ್ಲಿ ಅದರ ಬಲವಿದೆ. ವೀಣೆಯ ಮೆಟ್ಟಿಲ ಮೇಲೆ ತಂತಿ ಎಳೆದು ಗಮಕ ನುಡಿಸುವುದನ್ನು ಕೇಳಿ ಬೆಳೆದ ಮೈಸೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಿಲ್ಮೋರ್ ಐದಾರು ಬಾರಿ ಬೇರೆ ಬೇರೆಯಾಗಿ ನುಡಿಸಿ, ಚೆನ್ನಾಗಿ ಬಂದ ತುಣುಕುಗಳನ್ನು ಆರಿಸಿ ಜೋಡಿಸಿ ಆ ಸೋಲೋವನ್ನು ಕಟ್ಟಿದರು ಎಂಬುದು ಕಲಿಯುವವರು ಅಗತ್ಯವಾಗಿ ತಿಳಿದಿರಬೇಕಾದ ಸಂಗತಿ.

ಪೇಜ್ ಅವರ ದಾರಿ ಬೇರೆ. ಅವರ ತಂಡ ಲೆಡ್ ಜೆಪ್ಪೆಲಿನ್‌ನ 1971ರ ‘ಸ್ಟೇರ್‌ವೇ ಟು ಹೆವನ್’ ಸುಮಾರು ಎಂಟು ನಿಮಿಷದ ಹಾಡು. ಅದರ ಸೋಲೋ ಬರುವುದು ಆರನೇ ನಿಮಿಷದ ಹೊತ್ತಿಗೆ. ಎ ಮೈನರ್, ಜಿ, ಎಫ್ ಎಂಬ ಮೂರೇ ಕಾರ್ಡ್‌ಗಳು ಸುತ್ತುತ್ತಿರುವಾಗ ಅದು ಹಾಡನ್ನು ಮೇಲಕ್ಕೆ ಹತ್ತಿಸಿ, ತಂಡದ ಗಾಯಕ ರಾಬರ್ಟ್ ಪ್ಲಾಂಟ್ ಅವರ ತಾರಸ್ಥಾಯಿಯ ಗಾಯನಕ್ಕೆ ಒಪ್ಪಿಸುತ್ತದೆ. ಸೋಲೋ ತೆಗೆದುಹಾಕಿ ನೋಡಿದರೆ ಆ ಗಾಯನ ಕಾರಣವಿಲ್ಲದ ಕೂಗಾಗಿ ಕೇಳುತ್ತದೆ.

ವೇಗದ ಮಾತು ಬಂದಾಗ ಎಲ್ಲರೂ ವ್ಯಾನ್ ಹೇಲನ್ ಅವರ ಹೆಸರು ಹೇಳುತ್ತಾರೆ. 1978ರ ‘ಇರಪ್ಷನ್’ ಎರಡು ನಿಮಿಷವೂ ಇಲ್ಲದ ಗಿಟಾರ್ ವಾದನ, ಅದರ ಮೇಲೆ ಒಂದು ತಲೆಮಾರೇ ಅಭ್ಯಾಸ ಮಾಡಿತು. ಆದರೆ ಅವರ ಸಂಗೀತಬುದ್ಧಿ ನನಗೆ ಕಾಣುವುದು ಮೈಕಲ್ ಜ್ಯಾಕ್ಸನ್ ಅವರ ‘ಬೀಟ್ ಇಟ್’ನಲ್ಲಿ: ನುಡಿಸುವ ಮೊದಲು ಅವರು ಮಾಡಿದ ಕೆಲಸ, ತಮ್ಮ ಸೋಲೋದ ಕೆಳಗೆ ಹಾಡಿನ ಯಾವ ಭಾಗ ಬರಬೇಕೆಂದು ಇಂಜಿನಿಯರ್‌ಗೆ ಹೇಳಿ ಅದನ್ನು ಮರುಜೋಡಿಸಿಕೊಂಡದ್ದು.

ನಮ್ಮ ಕಚೇರಿಗಳ ಪಕ್ಕವಾದ್ಯದ ಪಿಟೀಲು ಲೀಡ್ ಗಿಟಾರಿಗೆ ತೀರ ಹತ್ತಿರದ್ದು. ವಿ.ವಿ. ಮೊಹಲ್ಲಾದ 8ನೇ ಕ್ರಾಸ್ ಗಣೇಶೋತ್ಸವದ ಕಚೇರಿಗಳನ್ನು ಕೇಳಿದವರಿಗೆ ಗೊತ್ತು: ಗಾಯಕರು ರಾಗವನ್ನು ಎಲ್ಲಿ ಬಿಟ್ಟರೋ ಅಲ್ಲಿಂದ ಪಿಟೀಲು ಎತ್ತಿಕೊಳ್ಳುತ್ತದೆ, ತನ್ನ ಸರದಿ ಮುಗಿದ ಕೂಡಲೇ ಮತ್ತೆ ಅವರ ಹಿಂದೆ ಹೋಗುತ್ತದೆ. ಗಾಯಕರು ಹಾಡಿದ್ದನ್ನೇ ಕೇಳಿಸಿಕೊಳ್ಳದ ಪಿಟೀಲುವಾದಕರು ತಮ್ಮ ಸರದಿಯಲ್ಲಿ ಎಷ್ಟು ವಿದ್ವತ್ತು ತೋರಿದರೂ ಸಭೆಗೆ ಅದು ತಟ್ಟುವುದಿಲ್ಲ.

ಚಮತ್ಕಾರದ ಸೋಲೋ ಇಲ್ಲದೆಯೂ ರಾಕ್ ಬ್ಯಾಂಡ್ ನಡೆಯುತ್ತದೆ. ಯು2 ತಂಡದ ಗಿಟಾರಿಸ್ಟ್ ದಿ ಎಡ್ಜ್, ನುಡಿಸಿದ ಸ್ವರವನ್ನು ಪ್ರತಿಧ್ವನಿಯಂತೆ ಮರಳಿಸುವ ಡಿಲೇ ಬಳಸಿ ಕೆಲವೇ ಸ್ವರಗಳಿಂದ ಇಡೀ ಹಾಡನ್ನು ತುಂಬುತ್ತಾರೆ. ನಿರ್ವಾಣ ತಂಡದ ಕರ್ಟ್ ಕೊಬೇನ್ 1991ರ ‘ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್’ನಲ್ಲಿ ತಾವು ಹಾಡಿದ ಧಾಟಿಯನ್ನೇ ಗಿಟಾರಿನಲ್ಲಿ ನುಡಿಸಿದರು, ಅದು ಸಾಕಾಯಿತು. ಮೆಟಾಲಿಕಾ ಮಾತ್ರ 2003ರ ‘ಸೇಂಟ್ ಆ್ಯಂಗರ್’ನಲ್ಲಿ ಸೋಲೋಗಳನ್ನು ಪೂರ್ತಿ ಕೈಬಿಟ್ಟು, 2008ರ ಆಲ್ಬಮ್‌ನಲ್ಲಿ ಮತ್ತೆ ತಂದಿತು. ದೀರ್ಘವಾದ ಹಾಡುಗಳಲ್ಲಿ ಏಕತಾನ ಮುರಿಯುವ ಭಾಗವೇ ಹೋದಾಗ ಕೇಳುಗರಿಗೆ ಉಸಿರಾಡಲು ಜಾಗವಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ನಿಮ್ಮ ಬ್ಯಾಂಡಿನಲ್ಲಿ ಒಂದೇ ಗಿಟಾರ್ ಇದ್ದರೆ, ಸೋಲೋ ಶುರುವಾದ ಕ್ಷಣವೇ ಕಾರ್ಡ್‌ಗಳು ಮಾಯವಾಗಿ ವೇದಿಕೆಯ ಮೇಲೆ ಸದ್ದು ತೆಳುವಾಗುತ್ತದೆ. ಆ ಭಾಗದಲ್ಲಿ ಬಾಸ್ (ತಗ್ಗು ಸ್ವರಗಳ ಗಿಟಾರ್) ಏನು ನುಡಿಸಬೇಕೆಂದು ಮೊದಲು ತೀರ್ಮಾನಿಸಿ, ಅದು ತುಂಬಿಕೊಡಲಾಗದ ಹಾಡುಗಳಲ್ಲಿ ಸೋಲೋ ಬಿಡಿ. ಮೂವರಲ್ಲಿ ಒಬ್ಬರನ್ನು ಆರಿಸಲೇಬೇಕೆಂದರೆ ನನ್ನ ಆಯ್ಕೆ ಗಿಲ್ಮೋರ್: ಅವರ ಸೋಲೋ ಮುಗಿದ ಮೇಲೆ ನನ್ನ ಬಾಯಲ್ಲಿ ಉಳಿಯುವುದು ಇಡೀ ಹಾಡು.