ಶಿರಸಿಯಲ್ಲಿ ಫಾರೆಸ್ಟ್ರಿ ಓದಿದವಳು ಇಂಗ್ಲೆಂಡಿನ ಕೌನ್ಸಿಲ್‌ನಲ್ಲಿ ಟ್ರೀ ಆಫೀಸರ್ ಆಗಬಹುದೇ, ಇಲ್ಲ ಕನ್ಸಲ್ಟೆನ್ಸಿಯೇ ಮೇಲೋ? ಕಡತದ ಕೆಲಸ ಬೇಡ, ಮರಗಳ ನಡುವೆ ಇರಬೇಕು

ಆಗಬಹುದು. ಕೌನ್ಸಿಲ್ ಎಂದರೆ ಇಲ್ಲಿನ ಸ್ಥಳೀಯ ಆಡಳಿತ, ಟ್ರೀ ಆಫೀಸರ್ ಎಂದರೆ ಅಲ್ಲಿ ಮರಗಳ ಹೊಣೆ ಹೊತ್ತ ಅಧಿಕಾರಿ. ನಾನೂ ಅದೇ ಕಾಲೇಜು, ಗಂಡನ ಕೆಲಸದ ಬೆನ್ನಿಗೆ ಇಲ್ಲಿಗೆ ಬಂದವಳು. ಕಡತ ಬೇಡ, ಮರ ಬೇಕು ಎಂಬ ಮಾತನ್ನು ಸಂದರ್ಶನದಲ್ಲಿ ನಾನೂ ಆಡಿದ್ದೆ. ಆ ಮನಸ್ಸಿನಿಂದಾಗಿಯೇ 180 ಮೀಟರ್ ಬೇಲಿ ಹೋಯಿತು. ಅದನ್ನು ಹೇಳದೆ ನಿಮಗೆ ಉತ್ತರ ಬರೆಯಲಾರೆ.

ಇಲ್ಲಿ ಬೇಲಿ ಎಂದರೆ ನಮ್ಮ ಕಡೆ ವರ್ಷ ವರ್ಷ ಮುಳ್ಳು ತಂದು ಕಟ್ಟುವ ಒಣಬೇಲಿಯಲ್ಲ. ತೋಟದ ಅಗಳದ ದಂಡೆಯಲ್ಲಿ ಲಕ್ಕಿ, ದಾಸವಾಳ ಸೇರಿ ಹಬ್ಬಿದ ಹಸಿರು ಬೇಲಿಯನ್ನು ನೆನಪಿಸಿಕೊಳ್ಳಿ. ಅದು ಮೂರು ನೂರು ವರ್ಷ ನಿಂತಿದೆ ಎಂದುಕೊಳ್ಳಿ. ಅದಕ್ಕೆ ಇಲ್ಲಿ ಕಾನೂನೇ ಇದೆ, 1997ರ ಹೆಡ್ಜ್‌ರೋ ನಿಯಮಗಳು. ರೈತ ಹೊಲದ ಬೇಲಿ ಕೀಳುವ ಮೊದಲು ಕೌನ್ಸಿಲ್‌ಗೆ ನೋಟಿಸ್ ಕೊಡಬೇಕು. ಬೇಲಿಗೆ 30 ವರ್ಷವಾಗಿದ್ದು, ನಿಯಮದ ಅಳತೆಗೆ ಅದು ‘ಮಹತ್ವದ್ದು’ ಎಂದಾದರೆ ಕೀಳಬೇಡಿ ಎಂದು ಕೌನ್ಸಿಲ್ ತಿರುಗಿ ನೋಟಿಸ್ ಕೊಡಬಹುದು.

ನಾನು ದಕ್ಷಿಣ ಇಂಗ್ಲೆಂಡಿನ ಒಂದು ಹಳ್ಳಿಗಾಡಿನ ಕೌನ್ಸಿಲ್‌ಗೆ ಸೇರಿ ಎಂಟು ತಿಂಗಳಾಗಿತ್ತು. ಎರಡು ಹೊಲ ಒಂದು ಮಾಡಲು ನಡುವಿನ ಬೇಲಿ ಕೀಳುತ್ತೇನೆ ಎಂದು ಒಬ್ಬ ರೈತರ ನೋಟಿಸ್ ಬಂತು. ನನ್ನ ಮೊದಲ ಬೇಲಿ. ಇಷ್ಟು ಉದ್ದದ್ದಾದರೆ ಎರಡು ಪಾಲು ಮಾಡಿ, ಒಂದೊಂದು ಪಾಲಿನ ನಡುವಿನ 30 ಮೀಟರ್‌ನಲ್ಲಿ ಎಷ್ಟು ಜಾತಿಯ ಮರಗಿಡಗಳಿವೆ ಎಂದು ಎಣಿಸಿ ಸರಾಸರಿ ತೆಗೆಯಬೇಕು. ಸರಾಸರಿ 7 ಬಂದರೆ ಸಾಕು, ಬೇರೆ ಪುರಾವೆ ಬೇಡ. ಬ್ರ್ಯಾಂಬಲ್‌ನಂಥ ಮುಳ್ಳುಬಳ್ಳಿ ಲೆಕ್ಕಕ್ಕಿಲ್ಲ. ಮೊದಲ ಪಾಲಿನಲ್ಲಿ ಹಾಥಾರ್ನ್, ಬ್ಲ್ಯಾಕ್‌ಥಾರ್ನ್, ಹೇಝಲ್, ಫೀಲ್ಡ್ ಮೇಪಲ್, ಡಾಗ್‌ವುಡ್, ಹಾಲಿ, ಕಾಡುಗುಲಾಬಿ, ಒಟ್ಟು ಏಳು ಸಿಕ್ಕವು. ಎರಡನೆಯದರಲ್ಲಿ ಆರೇ. ಸರಾಸರಿ ಆರೂವರೆ.

ಮನಸ್ಸು ಒಪ್ಪಲಿಲ್ಲ. ಮತ್ತೆ ಹೋದೆ, ಇಲ್ಲ. ಅಕ್ಟೋಬರ್ 9ಕ್ಕೆ ಮೂರನೇ ಸಲ ಹೋದಾಗ ಮೊದಲ ಪಾಲಿನಲ್ಲಿ, ಹೇಝಲ್ ಬುಡದ ಹಿಂದೆ, ಗುಲಾಬಿ ಬಣ್ಣದ ನಾಲ್ಕು ಹೋಳಿನ ಕಾಯೊಂದು ಬಿರಿದು ಒಳಗಿನ ಕಿತ್ತಳೆ ಬೀಜ ತೋರಿಸುತ್ತಿತ್ತು. ಸ್ಪಿಂಡಲ್ ಗಿಡ, ಎಂಟನೇ ಜಾತಿ! ಎಂಟೂ ಆರೂ ಹದಿನಾಲ್ಕು, ಸರಾಸರಿ ಸರಿಯಾಗಿ 7. ಹೊಲದಲ್ಲಿ ಒಬ್ಬಳೇ ನಿಂತು ಅತ್ತುಬಿಟ್ಟೆ. ಆಮೇಲೆ ಎಂಟು ದಿನ ಕೂತು ಫೋಟೊ, ನಕ್ಷೆ ಎಲ್ಲ ಹಾಕಿ 14 ಪುಟದ ವರದಿ ಬರೆದೆ. 18ನೇ ತಾರೀಕು ಬೇಲಿ ಉಳಿಸುವ ನೋಟಿಸ್ ಹಿಡಿದು ನಾನೇ ಹೊರಟೆ.

ಗೇಟಿನ ಬಳಿ ಕಾರು ನಿಲ್ಲಿಸಿದಾಗ ಆಚೆಯ ಹೊಲ ಕಾಣಿಸಿತು. ಅದು ಕಾಣಬಾರದಿತ್ತು. ನೆಲದ ತುಂಬ ಡಿಗ್ಗರ್ ಓಡಾಡಿದ ಗುರುತು, ಮೂಲೆಯಲ್ಲಿ ಸುಟ್ಟ ರಾಶಿ, ಬೂದಿ ಇನ್ನೂ ಬೆಚ್ಚಗಿತ್ತು. ರೈತರು ಬಂದು ಫೋನ್‌ನಲ್ಲಿ ಮೇಲ್ ತೆರೆದು ತೋರಿಸಿದರು. ನೋಟಿಸ್ ಕಳಿಸಿದ್ದು ಸೆಪ್ಟೆಂಬರ್ 3. “42 ದಿನ ಕಾದೆ, ಮೇಲೆ ಒಂದು ದಿನ ಹೆಚ್ಚೇ ಕಾದೆ” ಎಂದರು. ಅವರದು ಒಂದು ಎಳ್ಳಷ್ಟೂ ತಪ್ಪಿಲ್ಲ.

ಎಲ್ಲಿ ಎಡವಿದೆ ಎಂದು ಬಿಡಿಸಿ ಹೇಳುತ್ತೇನೆ. ನೋಟಿಸ್ ಬಂದ 42 ದಿನದೊಳಗೆ ಕೌನ್ಸಿಲ್ ಉತ್ತರ ಕೊಡದಿದ್ದರೆ ಕೀಳುವುದು ಕಾನೂನುಬದ್ಧ. ಆ 42 ದಿನ ಶುರುವಾಗುವುದು ನೋಟಿಸ್ ಕೌನ್ಸಿಲ್‌ನ ಕೈ ಸೇರಿದ ದಿನದಿಂದ, ಆ ದಿನವೂ ಸೇರಿ. ಸೆಪ್ಟೆಂಬರ್ 3 ಒಂದನೇ ದಿನವಾದರೆ ಅಕ್ಟೋಬರ್ 14ಕ್ಕೆ 42 ಮುಗಿಯಿತು. ನಾನು ಎಣಿಸಿದ್ದು ಸೆಪ್ಟೆಂಬರ್ 12ರಿಂದ. ಯಾಕೆಂದರೆ ಮೇಲ್ ಒಂಬತ್ತು ದಿನ ಕಚೇರಿಯ ಸಾಮಾನ್ಯ ಇನ್‌ಬಾಕ್ಸ್‌ನಲ್ಲಿ ಬಿದ್ದಿತ್ತು, ಕಂಪ್ಯೂಟರ್‌ಗೆ ಹತ್ತಿದ್ದು 12ಕ್ಕೆ. ಮನೆ ಕಟ್ಟುವ ಅರ್ಜಿಗಳಲ್ಲಿ ದಾಖಲೆ ಎಲ್ಲ ಸರಿಯಿದೆ ಎಂದು ಒಪ್ಪಿದ ಮೇಲೆ ಗಡುವು ಓಡುತ್ತದೆ. ಅದೇ ರೂಢಿಯನ್ನು ಬೇಲಿಗೂ ಅಂಟಿಸಿದೆ. ಪರದೆ 24ನೇ ತಾರೀಕು ಗಡುವು ಎಂದಿತು, ನಾನು ನಂಬಿದೆ. ಮೂಲ ಮೇಲ್‌ನ ತಾರೀಕು ನೋಡಲು ಒಂದು ಕ್ಲಿಕ್ ಸಾಕಿತ್ತು. ಅಷ್ಟೇ ಅಲ್ಲ, ಎರಡೂ ಕಡೆಯವರು ಒಪ್ಪಿದರೆ ಗಡುವು ಮುಂದೆ ಹಾಕಲು ನಿಯಮದಲ್ಲೇ ಅವಕಾಶವಿದೆ. ಕೇಳಿದ್ದರೆ ಆ ರೈತರು ಕೊಡುತ್ತಿದ್ದರೋ ಏನೋ, ನಾನು ಕೇಳಲೇ ಇಲ್ಲ. ಸ್ಪಿಂಡಲ್ ಸಿಕ್ಕ ದಿನ ನನ್ನ ಕೈಯಲ್ಲಿ ಇನ್ನೂ ಐದು ದಿನ ಇತ್ತು. ಒಂದು ಪುಟದ ನೋಟಿಸ್ ಸಾಕಾಗುತ್ತಿತ್ತು, ನಾನು 14 ಪುಟ ಬರೆಯುತ್ತಾ ಕೂತೆ.

ಆದ್ದರಿಂದ ಕಡತದ ಕೆಲಸ ಬೇಡ ಎನ್ನುವುದನ್ನು ಮೊದಲು ಬಿಡಿ. ಈ ಊರಲ್ಲಿ ಮರ ಉಳಿಯುವುದೇ ಕಾಗದದಿಂದ. ಅನುಮತಿ ಕೊಡುವ ಕೆಲಸ ತಾನೇ ಎಂದು ನಿಮಗೆ ಅನಿಸಬಹುದು. ಅದೂ ಪೂರ್ತಿ ಸರಿಯಲ್ಲ. ನಮ್ಮಲ್ಲಿ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀಲಗಿರಿ, ಸಿಲ್ವರ್ ಓಕ್‌ನಂಥ ಕೆಲವನ್ನು ಬಿಟ್ಟರೆ ಸ್ವಂತ ಜಾಗದ ಮರ ಕಡಿಯಲೂ ಅನುಮತಿ ಬೇಕು. ಇಲ್ಲಿ ತಿರುಗುಮುರುಗು. ಹಿತ್ತಿಲಿನ ಮುದಿ ಓಕ್ ಮರವನ್ನು ಮಾಲೀಕ ಸಾಮಾನ್ಯವಾಗಿ ಯಾರನ್ನೂ ಕೇಳದೆ ಕಡಿಯಬಹುದು, ಅದರ ಮೇಲೆ ಟಿಪಿಒ ಎಂಬ ಸಂರಕ್ಷಣಾ ಆದೇಶ ಇಲ್ಲದಿದ್ದರೆ. ಹಳೆಯ ಬೀದಿಗಳ ಕನ್ಸರ್ವೇಶನ್ ಏರಿಯಾದಲ್ಲಿ, ಒಂದೂವರೆ ಮೀಟರ್ ಎತ್ತರದಲ್ಲಿ ಕಾಂಡ 75 ಮಿಲಿಮೀಟರ್‌ಗಿಂತ ದಪ್ಪವಿದ್ದರೆ, ಆರು ವಾರ ಮುಂಚೆ ತಿಳಿಸಬೇಕು. ಅಲ್ಲೂ ನೀವು ‘ಬೇಡ’ ಎನ್ನುವಂತಿಲ್ಲ. ಆರು ವಾರದೊಳಗೆ ಟಿಪಿಒ ಮಾಡಬೇಕು, ಇಲ್ಲವೇ ಬಿಡಬೇಕು. ಮಾಡಿದ ಟಿಪಿಒವನ್ನೂ ಆರು ತಿಂಗಳಲ್ಲಿ ಸ್ಥಿರಪಡಿಸದಿದ್ದರೆ ಅದೂ ಬಿದ್ದುಹೋಗುತ್ತದೆ. ಎಲ್ಲ ಕಡೆ ತಾರೀಕು.

ಕನ್ಸಲ್ಟೆನ್ಸಿ ಈಗ ಬೇಡವೇ ಬೇಡ. ಸಂಬಳ ಹೆಚ್ಚಿರಬಹುದು. ಆದರೆ ಅಲ್ಲಿ ದುಡ್ಡು ಕೊಡುವವರು ಬಹುಪಾಲು ಕಟ್ಟಡ ಕಟ್ಟುವವರು, ಮರದ ಪರವಾಗಿ ಸಹಿ ಹಾಕುವ ಅಧಿಕಾರ ಸಿಗುವುದಿಲ್ಲ. ಕೌನ್ಸಿಲ್‌ನಲ್ಲಿ ಅದು ಸಿಗುತ್ತದೆ. ಒಂದು ಶುಕ್ರವಾರ, ಓಕ್ ಮರ ಕಡಿಯಲು ಬಂದಿದ್ದಾರೆ ಎಂದು ಅದರ ಪಕ್ಕದ ಮನೆಯವರ ಫೋನ್ ಬಂದ ಮೂರು ಗಂಟೆಯಲ್ಲಿ ಟಿಪಿಒ ಬರೆದು, ಸಹಿ ಹಾಕಿಸಿ, ನಾನೇ ಹೋಗಿ ಮಾಲೀಕರ ಕೈಗೆ ಕೊಟ್ಟೆ. ಗರಗಸದವರು ಸಾಮಾನು ಕಟ್ಟಿ ಹೊರಟರು. ಆ ಓಕ್ ಇವತ್ತೂ ಇದೆ.

ನಿಮ್ಮ ಪದವಿಯ ಮೇಲೆ ಇಲ್ಲಿನ ಆರ್ಬೊರಿಕಲ್ಚರ್ (ಮರಗಳ ಆರೈಕೆ) ಡಿಪ್ಲೊಮಾ ಒಂದು ಇದ್ದರೆ ಒಳ್ಳೆಯದು, ಲ್ಯಾಂಟ್ರಾ ಎಂಬ ಸಂಸ್ಥೆಯ ಮರ ತಪಾಸಣೆ ತರಬೇತಿಯನ್ನೂ ಮಾಡಿಕೊಳ್ಳಿ. ಕಟ್ಟಡದ ಪಕ್ಕದ ಮರಗಳಿಗೆ ಬಿಎಸ್ 5837 ಎಂಬ ಮಾನದಂಡವಿದೆ, ಸಂದರ್ಶನಕ್ಕೆ ಮುಂಚೆ ಓದಿ. ಕಾರು ಓಡಿಸಲು ಬರಲೇಬೇಕು. ಇಂಡಿಯಾದ ಲೈಸೆನ್ಸ್ ಇಲ್ಲಿ ನೆಲೆಸಿದ 12 ತಿಂಗಳಷ್ಟೇ ನಡೆಯುತ್ತದೆ, ಪರೀಕ್ಷೆಯ ದಿನ ಈಗಲೇ ಕಾದಿರಿಸಿ.

ಮತ್ತೆ ಈ ಚಳಿಗಾಲ ವ್ಯರ್ಥ ಮಾಡಬೇಡಿ. ಎಲೆ ಉದುರಿದ ಬೇಲಿಯ ಪಕ್ಕ ನಡೆದು ಬರಿಗಡ್ಡಿಯಲ್ಲೇ ಗುರುತು ಹಿಡಿಯಲು ಕಲಿಯಿರಿ. ಆ್ಯಶ್ ಮೊಗ್ಗು ಕಪ್ಪಗೆ, ಡಾಗ್‌ವುಡ್ ಕಡ್ಡಿ ಕೆಂಪಗೆ. ಸ್ಪಿಂಡಲ್‌ನ ಎಳೆ ಕಡ್ಡಿ ಹಸಿರಾಗಿ ಚೌಕವಾಗಿರುತ್ತದೆ, ಬೆರಳಲ್ಲಿ ಹೊರಳಿಸಿದರೆ ನಾಲ್ಕು ಏಣು ಸಿಗುತ್ತವೆ. ನನಗೆ ಅದು ಮೊದಲೇ ಗೊತ್ತಿದ್ದರೆ ಮೂರನೇ ಸಲ ಹೋಗಬೇಕಾಗಿರಲಿಲ್ಲ.