ವರ್ಣಾಂಧತೆಗೆ ವಿಶೇಷ ಕನ್ನಡಕ: ಎಷ್ಟರಮಟ್ಟಿಗೆ ನಂಬಬಹುದು?

ಪ್ರಶ್ನೆ: ಬಳ್ಳಾರಿಯಲ್ಲಿ ನಮ್ಮದೊಂದು ಸಣ್ಣ ಜೀನ್ಸ್ ಹೊಲಿಗೆ ಘಟಕವಿದೆ. 19 ವರ್ಷದ ನನ್ನ ಮಗ ಕಂದು ದಾರದ ರೀಲು ಕೇಳಿದರೆ ಎಷ್ಟೋ ಸಲ ಪಾಚಿಹಸಿರಿನದನ್ನು ಎತ್ತಿಕೊಡುತ್ತಾನೆ. ಕಣ್ಣಿನ ವೈದ್ಯರು ಕೆಂಪು-ಹಸಿರು ವರ್ಣಾಂಧತೆ ಎಂದಿದ್ದಾರೆ. ಎಲ್ಲ ಬಣ್ಣಗಳನ್ನೂ ಕಾಣಿಸುವ ಕನ್ನಡಕದ ಜಾಹೀರಾತು ನೋಡಿದೆ. ಅದರಿಂದ ಉಪಯೋಗವಿದೆಯೇ? ಅದನ್ನು ಹಾಕಿಕೊಂಡು ಅವನು ರೈಲು ಚಾಲಕನ ಹುದ್ದೆಗೆ ಸೇರಬಹುದೇ?
– ಓದುಗರೊಬ್ಬರು, ಬಳ್ಳಾರಿ

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ನಿಮ್ಮ ಮಗನ ಓದಿನ ವರ್ಷಗಳು ಅದಕ್ಕಾಗಿ ವ್ಯರ್ಥವಾಗಬಾರದು. ರೈಲು ಚಾಲಕರ ವೈದ್ಯಕೀಯ ಪರೀಕ್ಷೆಯಲ್ಲಿ ಬಣ್ಣ ಗುರುತಿಸುವ ಶಕ್ತಿಯನ್ನು ಕಡ್ಡಾಯವಾಗಿ ನೋಡುತ್ತಾರೆ. ಅಲ್ಲಿ ಲೆಕ್ಕಕ್ಕೆ ಬರುವುದು ಕಣ್ಣಿನ ಸಹಜ ಶಕ್ತಿಯೇ ಹೊರತು ಬಣ್ಣದ ಗಾಜಿನ ನೆರವಲ್ಲ. ಕನ್ನಡಕವನ್ನು ನಂಬಿ ಆ ಹುದ್ದೆಗೆ ತಯಾರಿ ನಡೆಸುವುದು ಬೇಡ.

ಇನ್ನು ಕನ್ನಡಕದ ವಿಚಾರ. ಬಣ್ಣವನ್ನು ಗ್ರಹಿಸಲು ನಮ್ಮ ಅಕ್ಷಿಪಟಲದಲ್ಲಿ ಮೂರು ಬಗೆಯ ಶಂಕುಕೋಶಗಳಿವೆ. ಅವುಗಳಲ್ಲಿ ಕೆಂಪನ್ನು ಗ್ರಹಿಸುವ ಬಗೆಯು ಸುಮಾರು 560 ನ್ಯಾನೋಮೀಟರ್ ತರಂಗಾಂತರದ ಬೆಳಕಿಗೂ, ಹಸಿರಿನ ಬಗೆಯು ಸುಮಾರು 530ರ ಬೆಳಕಿಗೂ ಅತಿ ಹೆಚ್ಚು ಸ್ಪಂದಿಸುತ್ತವೆ. ಹುಟ್ಟಿನಿಂದಲೇ ಇವುಗಳಲ್ಲೊಂದು ಸ್ಪಂದಿಸುವ ತರಂಗಾಂತರ ಇನ್ನೊಂದರದರ ಹತ್ತಿರಕ್ಕೆ ಸರಿದಿದ್ದರೆ ಎರಡೂ ಮಿದುಳಿಗೆ ಹೆಚ್ಚುಕಡಿಮೆ ಒಂದೇ ಸುದ್ದಿಯನ್ನು ಕಳಿಸುತ್ತವೆ. ಈ ಕನ್ನಡಕದ ಗಾಜು, ಎರಡೂ ಕೋಶಗಳು ಒಟ್ಟಿಗೆ ಸ್ಪಂದಿಸುವ ಹಳದಿಯ ಆಸುಪಾಸಿನ ಒಂದು ಕಿರಿದಾದ ಪಟ್ಟಿಯನ್ನು ಬೆಳಕಿನಿಂದ ಸೋಸಿ ತೆಗೆಯುತ್ತದೆ. ಉಳಿದ ಬೆಳಕಿನಲ್ಲಿ ಕೆಂಪಿಗೂ ಹಸಿರಿಗೂ ಅಂತರ ಹಿಗ್ಗುತ್ತದೆ. ಎನ್‌ಕ್ರೋಮಾ ಕಂಪನಿಯ ಕನ್ನಡಕಗಳು ಲೇಸರ್ ಶಸ್ತ್ರಚಿಕಿತ್ಸೆ ಮಾಡುವ ವೈದ್ಯರ ಕಣ್ಣು ಕಾಯಲು ರೂಪಿಸಿದ್ದ ಗಾಜಿನಿಂದಲೇ ಬೆಳೆದು ಬಂದವು. ಆದರೆ ಒಂದು ಬಗೆಯ ಕೋಶವೇ ಪೂರ್ತಿ ಇಲ್ಲದವರಿಗೆ ಹಿಗ್ಗಿಸಲು ಅಂತರವೇ ಇರುವುದಿಲ್ಲ.

ಇಲ್ಲದ ಬಣ್ಣವನ್ನು ಯಾವ ಗಾಜೂ ಕಣ್ಣಿಗೆ ತಂದುಕೊಡಲಾರದು. ಎನ್‌ಕ್ರೋಮಾ ಕನ್ನಡಕಗಳನ್ನು ಪರೀಕ್ಷಿಸಿದ ಸ್ಪೇನಿನ ಗ್ರನಡಾ ವಿಶ್ವವಿದ್ಯಾಲಯದ ಸಂಶೋಧಕರು, ಅವು ಬಣ್ಣಗಳ ತೋರಿಕೆಯನ್ನು ಬದಲಿಸುತ್ತವೆಯೇ ಹೊರತು ಸಹಜ ವರ್ಣದೃಷ್ಟಿಯನ್ನು ಕೊಡುವುದಿಲ್ಲ ಎಂದು 2018ರಲ್ಲಿ ವರದಿ ಮಾಡಿದರು. ಮೊದಲು ಬೇರೆಬೇರೆಯಾಗಿ ಕಾಣುತ್ತಿದ್ದ ಎರಡು ಬಣ್ಣಗಳು ಕನ್ನಡಕ ಹಾಕಿದ ಮೇಲೆ ಒಂದೇ ಆಗಿ ಕಾಣುವುದೂ ಉಂಟು. ಜಾಹೀರಾತು ಇದನ್ನು ಹೇಳುವುದಿಲ್ಲ. ಗಾಜು ಬೆಳಕನ್ನು ಕಡಿಮೆ ಮಾಡುವುದರಿಂದ ರಾತ್ರಿ ವಾಹನ ಓಡಿಸುವಾಗ ಅದನ್ನು ಹಾಕಲೇಬಾರದು.

ಹಣ ಹಾಕುವ ಮೊದಲು ಒಂದು ಪ್ರಯೋಗ ಮಾಡಿ. ಕಂದು ಮತ್ತು ಪಾಚಿಹಸಿರಿನ ರೀಲುಗಳನ್ನು ಕಿಟಕಿಯ ಬೆಳಕಿನಲ್ಲಿ ಪಕ್ಕಪಕ್ಕ ಇಟ್ಟು, ಕೆಂಪು ಪಾರದರ್ಶಕ ಹಾಳೆಯ ಮೂಲಕ ನೋಡಲು ಮಗನಿಗೆ ಹೇಳಿ. ಹಸಿರು ದಾರ ಮಂಕಾಗಿ ಕಪ್ಪಿಗೆ ತಿರುಗುತ್ತದೆ, ಕಂದು ಅದಕ್ಕಿಂತ ತಿಳಿಯಾಗಿಯೇ ಉಳಿಯುತ್ತದೆ. ಹುಡುಗನಿಗೆ ಈ ವ್ಯತ್ಯಾಸ ಸುಲಭವಾಗಿ ತಿಳಿಯುತ್ತದೆ. ನಿಮ್ಮ ಕೆಲಸಕ್ಕೆ ಇಷ್ಟೇ ಸಾಕಾಗಬಹುದು. ಕನ್ನಡಕವೇ ಬೇಕೆಂದರೆ, ಮೊದಲು ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ದೋಷದ ಬಗೆ ಮತ್ತು ತೀವ್ರತೆಯನ್ನು ವಿಚಾರಿಸಿ, ಹಿಂದಿರುಗಿಸಲು ಅವಕಾಶವಿರುವ ಅಂಗಡಿಯಲ್ಲಿ ಕೊಂಡು, ನಿಮ್ಮದೇ ರೀಲುಗಳ ಮೇಲೆ, ನಿಮ್ಮದೇ ಘಟಕದ ಟ್ಯೂಬ್‌ಲೈಟಿನಲ್ಲಿ ಪರೀಕ್ಷಿಸಿ. ಅದಕ್ಕೂ ಮುಂಚೆ, ಪ್ರತಿ ರೀಲಿನ ತಳಕ್ಕೆ ಬಣ್ಣದ ಹೆಸರು ಬರೆದ ಚೀಟಿಯನ್ನು ಇವತ್ತೇ ಅಂಟಿಸಿಬಿಡಿ.