‘ಉತ್ ಕ್ವೆಆಂತ್ ಲಾಕ್ಸಿಸ್’ ಸ್ತೋತ್ರವನ್ನು ಸ-ರಿ-ಗ-ಮ ಬರೆದುಕೊಂಡು ಕಲಿತರೆ ಬೇಗ ಬರುತ್ತಾ?

ಕರ್ನಾಟಕ ಸಂಗೀತ ಕಲಿತಿದ್ದೀರಿ, ಜೂನ್ 24ರ ಸ್ನಾನಿಕ ಯೊವಾನ್ನರ ಹಬ್ಬಕ್ಕೆ ಈ ಲ್ಯಾಟಿನ್ ಸ್ತೋತ್ರ ಹಾಡಬೇಕು. ಎಂಟು ವರ್ಷದ ಹಿಂದೆ ನಾನೂ ನಿಮ್ಮ ಜಾಗದಲ್ಲೇ ಇದ್ದೆ. ಸ್ವರ ಬರೆದುಕೊಂಡೇ ಕೂತಿದ್ದೆ.

ಬರೆಯೋದು ಸುಲಭ ಅನ್ನಿಸಿತ್ತು. ಯುರೋಪಿನ ಸ್ವರಗಳಿಗೆ ಹೆಸರು ಬಂದದ್ದೇ ಈ ಹಾಡಿನಿಂದ ಅಲ್ವಾ? ಸಾಹಿತ್ಯ 8ನೇ ಶತಮಾನದ ಸನ್ಯಾಸಿ ಡೀಕನ್ ಪೌಲನದ್ದು ಅಂತಾರೆ. 11ನೇ ಶತಮಾನದಲ್ಲಿ ಇಟಲಿಯ ಅರೆಟ್ಸೊದ ಗ್ವೀದೊ ಹುಡುಗರಿಗೆ ಸ್ವರ ಗುರುತಿಸಲು ಇದನ್ನೇ ಹೇಳಿಕೊಟ್ಟ. ಮೊದಲ ಆರು ತುಂಡುಗಳು ಒಂದಕ್ಕಿಂತ ಒಂದು ಸ್ವರ ಮೇಲೆ ಶುರುವಾಗುತ್ತವೆ, ಅವುಗಳ ಮೊದಲ ಅಕ್ಷರಗಳೇ ಸ್ವರದ ಹೆಸರಾದವು: ಉತ್, ರೆ, ಮಿ, ಫಾ, ಸೊಲ್, ಲಾ. ಈ ಉತ್ ಮುಂದೆ ‘ದೊ’ ಆಯಿತು.

ಇದನ್ನು ನೋಡಿ ನಾನು ಉತ್ ಅನ್ನು ಸ ಮಾಡಿಕೊಂಡೆ. ಶ್ರುತಿಪೆಟ್ಟಿಗೆ ಹಾಕಿ, ಶಂಕರಾಭರಣ ರಾಗದ ಹಾಗೆ ಮೂರು ವಾರ ಹಾಡಿದೆ. ತಪ್ಪಾದದ್ದು ಅಲ್ಲೇ. ಹಾಡು ಶುರುವಾಗುವ ಸ್ವರ ಬೇರೆ, ಬಂದು ನಿಲ್ಲುವ ಸ್ವರ ಬೇರೆ. ಪಲ್ಲವಿಯನ್ನು ಪಂಚಮದಲ್ಲಿ ಎತ್ತಿಕೊಂಡರೂ ಸ ಎಲ್ಲಿದೆ ಅಂತ ನಮಗೆ ಗೊತ್ತಿರುತ್ತೆ. ಇಲ್ಲಿ ಮಾತ್ರ ನಾನು ಅದನ್ನು ಹುಡುಕಲೇ ಇಲ್ಲ. ಈ ಹಾಡು ಬಂದು ನಿಲ್ಲುವ ಮನೆ ರೆ. ಉತ್ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿದೆ. ಮೂರು ವಾರ ಶ್ರುತಿ ಕೇಳಿ ಕೇಳಿ ನನ್ನ ಕಿವಿಗೆ ಉತ್ತೇ ಮನೆಯಾಗಿಬಿಟ್ಟಿತ್ತು.

ಹಬ್ಬದ ಸಂಜೆ ಪ್ರಾರ್ಥನೆಗೆ ವಾದ್ಯ ಇರಲಿಲ್ಲ. ನಾವು ಏಳು ಜನ. ಕೊನೆಯ ‘ಸಾಂಕ್ತೆ ಯೊಹಾನ್ನೆಸ್’ನ ‘ನೆಸ್’ ಬಂದಾಗ ಆರು ಜನ ರೆ ಮೇಲೆ ನಿಂತರು, ನಾನೊಬ್ಬಳೇ ಉತ್‌ಗೆ ಇಳಿದೆ. ಚರ್ಚಿನಲ್ಲಿ ಆ ಎರಡು ಸ್ವರ ಒಂದಕ್ಕೊಂದು ಉಜ್ಜಿದ್ದು ಈಗಲೂ ಕೇಳಿಸುತ್ತೆ. ಎಲ್ಲ ಚರಣಕ್ಕೂ ಅದೇ ಧಾಟಿ. ಎರಡನೇ ಚರಣದಿಂದ ತುಟಿ ಮಾತ್ರ ಆಡಿಸಿದೆ. ಮುಂದಿನ ವರ್ಷ ನನ್ನನ್ನು ಕರೆಯಲಿಲ್ಲ.

ಹಾಗಾಗಿ ‘ಬೇಗ ಬರುತ್ತಾ’ ಅನ್ನೋ ಪ್ರಶ್ನೆಯನ್ನೇ ಬಿಡಿ. ಮೊದಲು ಮಾತು ಬಾಯಿಗೆ ಬರಲಿ. ‘ನಿನ್ನ ಸೇವಕರು ನಿನ್ನ ಅದ್ಭುತಗಳನ್ನು ಬಿಚ್ಚುಗಂಟಲಲ್ಲಿ ಹಾಡುವಂತೆ, ಮಲಿನವಾದ ನಮ್ಮ ತುಟಿಗಳ ದೋಷ ಕಳೆ, ಸಂತ ಯೊವಾನ್ನ’ ಅಂತ ಅರ್ಥ. ಯೊವಾನ್ನರ ತಂದೆ ಜಕರೀಯ ಮಾತು ಕಳೆದುಕೊಂಡಿದ್ದ. ಮಗನ ಹೆಸರು ಬರೆದು ತೋರಿಸಿದ ಮೇಲೆ ನಾಲಿಗೆ ಸಡಿಲವಾಯಿತು. ಪೌಲನಿಗೂ ಒಮ್ಮೆ ಗಂಟಲು ಕಟ್ಟಿತ್ತು, ಅದಕ್ಕೇ ಇದನ್ನು ಬರೆದ ಅಂತ ಕಥೆ ಇದೆ. ಇದು ದನಿಗಾಗಿ ಮಾಡಿದ ಬೇಡಿಕೆ. ಸರಳೆ ವರಸೆಯ ಹಾಗೆ ಒಪ್ಪಿಸಬೇಡಿ.

ಗಮಕ ಬೇಡ, ತಾಳ ಹಾಕಬೇಡಿ. ಲ್ಯಾಟಿನ್ ಮಾತಿನ ಓಟವೇ ಲಯ. ಶ್ರುತಿ ಬೇಕೇ ಬೇಕು ಅನ್ನಿಸಿದರೆ ರೆಯನ್ನು ಸ ಮಾಡಿಕೊಳ್ಳಿ. ಆಗ ಖರಹರಪ್ರಿಯ ರಾಗದ ಸ ರಿ ಗ ಮ ಪ, ಕೆಳಗೊಂದು ನಿ ಸಿಗುತ್ತೆ, ದ ಬರುವುದೇ ಇಲ್ಲ. ದಿನಾ ಮೊದಲು ‘ಸಾಂಕ್ತೆ ಯೊಹಾನ್ನೆಸ್’ ಒಂದನ್ನೇ ಹತ್ತು ಸಲ ಹಾಡಿ, ‘ನೆಸ್’ ತಾನಾಗಿ ರೆ ಮೇಲೆ ಕೂರುವ ತನಕ.